ದುರ್ಗದ ಕುರುಚಲು ಗುಡ್ಡದಲ್ಲಿ ಸ್ವೀಪ್ ವಿಡ್ತ್ ಅಳೆದದ್ದು: ನನ್ನ ಅನುಭವ

ಗುಡ್ಡದಲ್ಲಿ ಬಿದ್ದಿರುವ ಮನುಷ್ಯ ನಡೆದು ಹುಡುಕಿದರೆ ಸಿಗುವ ಸಾಧ್ಯತೆ ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದಾ ಅಂತ ನೋಡೋಕೆ ಮನುಷ್ಯರ ಆಕಾರದ 30 ಗೊಂಬೆ ಬಚ್ಚಿಟ್ಟಿದ್ದೆವು. ಆ ಲೆಕ್ಕಕ್ಕೆ ಬೇಕಾದ ಅಂಕಿಯೇ ಸ್ವೀಪ್ ವಿಡ್ತ್, ಅಂದರೆ ನಡೆಯುವವನ ಕಣ್ಣು ಎರಡೂ ಕಡೆ ಸೇರಿ ಗುಡಿಸಿಕೊಂಡು ಹೋಗುತ್ತೆ ಅಂತ ಲೆಕ್ಕಕ್ಕೆ ಹಿಡಿಯುವ ಅಗಲ. 19 ಸಿಗುತ್ತವೆ ಅಂತ ಹುಡುಕೋಕೆ ಶುರು ಮಾಡುವ ಮೊದಲೇ ಹಾಳೆಯ ಮೇಲೆ ಬರೆದು, ಎಲ್ಲರ ಕೈಲಿ ಸಹಿ ಹಾಕಿಸಿದ್ದೆ. ಸಿಕ್ಕಿದ್ದು 18. ಈ ಲೆಕ್ಕ ನಮ್ಮ ನೆಲದಲ್ಲಿ ನಡೆಯಲ್ಲ ಅಂತ ಹೇಳುತ್ತಾ ಬಂದವರು ಅವತ್ತು ಅಲ್ಲೇ ನಿಂತಿದ್ದರು. ಸಹಿ ಹಾಕಿದವರಲ್ಲಿ ಅವರೂ ಇದ್ದರು. ಹೇಗೆ ಮಾಡಿದೆವು ಅಂತ ಆಮೇಲೆ ಬಹಳ ಜನ ಕೇಳಿದರು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆಯ ಚಿಕ್ಕ ಗುಂಪು. ಸೇನೆಯಿಂದ ನಿವೃತ್ತರಾದ ಕೆಲವರು, ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳು, ಆಸಕ್ತಿ ಇರುವ ನಾಲ್ಕಾರು ವಿದ್ಯಾರ್ಥಿಗಳು. ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಮಾತೆಲ್ಲ ಮಿಲಿಟರಿ ಓ.ಆರ್. (ಆಪರೇಷನಲ್ ರಿಸರ್ಚ್), ಅಂದರೆ ಸೇನೆಯ ಕೆಲಸಗಳನ್ನು ಅಳೆದು ಗಣಿತದಿಂದ ಸುಧಾರಿಸುವ ವಿದ್ಯೆಯ ಬಗ್ಗೆಯೇ. ಅಮೆರಿಕದಲ್ಲಿ ಈ ಕೆಲಸದವರ ಸೊಸೈಟಿ 1966ರಿಂದ ಇದೆ. ನಮ್ಮ ದೇಶದ ಆಪರೇಷನಲ್ ರಿಸರ್ಚ್ ಸೊಸೈಟಿ ಅದಕ್ಕಿಂತ ಹಳೆಯದು, 1957ರದ್ದು. ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒದ ಇಸ್ಸಾ ಸಂಸ್ಥೆ ದೆಹಲಿಯಲ್ಲಿ ಕೂತು ಯುದ್ಧದಾಟ, ಸಿಮ್ಯುಲೇಷನ್ ಎಲ್ಲ ಮಾಡುತ್ತದೆ. ನಮಗೆ ಗುಟ್ಟಿನ ಡೇಟಾ ಸಿಗಲ್ಲ, ಸಿಗಲೂಬಾರದು. ಆದರೆ ಗುಟ್ಟಿಲ್ಲದ ಡೇಟಾವನ್ನು ನಾವೇ ಹುಟ್ಟಿಸಬಹುದಲ್ವಾ? ನನ್ನ ವಾದ ಮೊದಲಿಂದಲೂ ಇಷ್ಟೇ. ಬೇರೆಯವರ ಕೋಷ್ಟಕದ ಅಂಕಿ ತಂದು ಕಂಪ್ಯೂಟರಿಗೆ ಸುರಿಯಬೇಡಿ. ನಿಮ್ಮ ನೆಲಕ್ಕೆ ಹೋಗಿ ಅಳೆಯಿರಿ.

ಕುರುಚಲು ಕಾಡಲ್ಲಿ ಬಿದ್ದಿರುವ ಮನುಷ್ಯನನ್ನು ಕಾಲ್ನಡಿಗೆಯಲ್ಲಿ ಹುಡುಕುವ ಲೆಕ್ಕ ಆರಿಸಿಕೊಂಡೆ. ಗಾಯಗೊಂಡ ಸೈನಿಕ ಅಂದುಕೊಳ್ಳಿ, ದಾರಿ ತಪ್ಪಿದ ಹುಡುಗ ಅಂದುಕೊಳ್ಳಿ, ಲೆಕ್ಕ ಒಂದೇ. ಬರ್ನಾರ್ಡ್ ಕೂಪ್‌ಮನ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗಾಗಿ ಕಟ್ಟಿದ ಸೂತ್ರದ ತಿರುಳು ಇಷ್ಟೇ: ಸ್ವೀಪ್ ವಿಡ್ತನ್ನು ನಡೆದ ಒಟ್ಟು ದೂರದಿಂದ ಗುಣಿಸಿ, ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಕವರೇಜ್. ಕವರೇಜ್ ಇಷ್ಟಿದ್ದರೆ ಹುಡುಕಿದ್ದು ಸಿಗುವ ಸಾಧ್ಯತೆ ಇಷ್ಟು ಅಂತ ಸೂತ್ರ ಹೇಳುತ್ತೆ. ಬೆಂಗಳೂರಿನ ಒಂದು ಸಭೆಯಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು, ‘ಅದು ಸಮುದ್ರಕ್ಕೆ, ವಿಮಾನಕ್ಕೆ ಕಣ್ರೀ. ನಿಮ್ಮ ದುರ್ಗದ ಬಂಡೆ ಸಂದೀಲಿ ನಡೆಯಲ್ಲ’ ಅಂದರು. ನಮ್ಮ ಗುಂಪಿನ ಸುಬೇದಾರರ ಆಕ್ಷೇಪ ಬೇರೆ. ‘ಸಾರ್, ಸರ್ವಿಸ್ ಪೂರ್ತಿ ಇದನ್ನೇ ಮಾಡಿದೀವಿ. ಇಪ್ಪತ್ತೈದು ಮೀಟರ್ ಅಂತರ ಹಿಡಿದು ಲೈನಲ್ಲಿ ನಡೆದರೆ ಒಂದೂ ತಪ್ಪಲ್ಲ.’ ಒಬ್ಬರಿಗೆ ಸೂತ್ರದ ಮೇಲೆ ನಂಬಿಕೆ ಇಲ್ಲ, ಇನ್ನೊಬ್ಬರಿಗೆ ಸೂತ್ರವೇ ಬೇಡ.

ಶುರುವಿಗೆ ಸಾಫ್ಟ್‌ವೇರ್ ದಾರಿಯನ್ನೂ ವಿಚಾರಿಸಿದ್ದೆವು. ಒಂದು ಕಂಪನಿ ವರ್ಷದ ಲೈಸೆನ್ಸಿಗೆ ನಾಲ್ಕು ಲಕ್ಷದ ಹತ್ತಿರ ಹೇಳಿತು. ಅದರೊಳಗೆ ಕಣ್ಣಿಗೆ ಎಷ್ಟು ದೂರ ಕಾಣುತ್ತೆ ಅನ್ನುವ ಅಂಕಿ ಎಲ್ಲಿಂದ ಬಂತು ಅಂತ ಕೇಳಿದೆ. ಉತ್ತರ ಬರಲಿಲ್ಲ. ಅಲ್ಲಿಗೆ ಆ ಮಾತು ಬಿಟ್ಟೆ. ಡ್ರೋನ್ ಹಾರಿಸೋಣ ಅಂತ ಹುಡುಗರು ಹಟ ಹಿಡಿದರು. ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರಿಂದ ಇದೆ. ಆ ಕಡೆಯ ಆಕಾಶದಲ್ಲಿ ಆಟ ಆಡೋ ಹಾಗಿಲ್ಲ. 2021ರ ಡ್ರೋನ್ ನಿಯಮ ಬಂದ ಮೇಲೆ ಹಸಿರು, ಹಳದಿ, ಕೆಂಪು ವಲಯದ ನಕ್ಷೆ ಇದೆ, ನೋಡಿಕೊಂಡೇ ಹಾರಿಸಬೇಕು. ನಡೆಯೋದೇ ಸರಿ ಅಂತ ತೀರ್ಮಾನ ಆಯ್ತು.

ಜಾಗ ಸಿಕ್ಕಿದ್ದು ಚಿತ್ರದುರ್ಗದ ಆಚೆ, ನಮ್ಮ ನೆಂಟರ ಬೀಳು ಹೊಲ. ಪಕ್ಕದ ಅಣ್ಣತಮ್ಮಂದಿರದ್ದೂ ಸೇರಿಸಿ 50 ಎಕರೆ ಆಗುತ್ತೆ. ಜಾಲಿ, ತಂಗಡಿ, ಬಂದ್ರೆ ಗಿಡ, ಮಧ್ಯೆ ಮಧ್ಯೆ ಆನೆ ಗಾತ್ರದ ಗುಂಡುಕಲ್ಲುಗಳು. ಕೋಟೆ ಬೆಟ್ಟದ ಕಡೆಗೆ ನಾವು ಹೋಗಲೇ ಇಲ್ಲ. ಅದು ಸಂರಕ್ಷಿತ ಸ್ಮಾರಕ, ಅಲ್ಲಿ ಇಂಥದ್ದೆಲ್ಲ ಮಾಡಬಾರದು. ಹೊಲದ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ತಗೊಂಡೆವು. ಠಾಣೆಗೂ ಒಂದು ಪತ್ರ ಕೊಟ್ಟೆವು. ಮನುಷ್ಯರ ಆಕಾರದ್ದು ಗಿಡದ ಬುಡದಲ್ಲಿ ಬಿದ್ದಿದ್ದರೆ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಈ ಎರಡು ಕಾಗದ ಇಲ್ಲದೆ ಕೆಲಸ ಶುರು ಮಾಡಲೇಬೇಡಿ. ಹಾಗೇ ಸೇನೆಯ ಮಾದರಿ ಬಟ್ಟೆಯೂ ಬೇಡ. ನಾವು ಸಾದಾ ಆಲಿವ್ ಹಸಿರು ಬಟ್ಟೆ ತಂದು ಟೈಲರ್ ಹತ್ತಿರ ಹೊಲಿಸಿದೆವು.

ಗೊಂಬೆಗಳದ್ದೇ ದೊಡ್ಡ ಕಥೆ. ಮೊದಲ ಸಲ ಭತ್ತದ ಹುಲ್ಲು ತುಂಬಿದೆವು, ಪುಕ್ಕಟೆ ಸಿಕ್ಕಿತ್ತು. ರಾತ್ರಿ ಬಿಟ್ಟು ಬೆಳಗ್ಗೆ ಹೋದರೆ ದನ ಬಂದು ಅರ್ಧಕ್ಕರ್ಧ ಎಳೆದು ತಿಂದಿದ್ದವು. ಎರಡನೇ ಸಲ ಖಾಲಿ ಮಂಡಕ್ಕಿ ಚೀಲದ ಮೇಲೆ ಅಂಗಿ ತೊಡಿಸಿ ಇಟ್ಟೆವು. ಆಷಾಢದ ಗಾಳಿ. ದುರ್ಗದ ಗುಡ್ಡದ ತುಂಬ ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ ಅಂತ ಅವತ್ತು ಹುಡುಗರಿಗೆ ಅರ್ಥ ಆಯ್ತು. ಮೂರನೇ ಸಲ ಎಲ್ಲ ಸರಿ ಇತ್ತು. ಇನ್ನೇನು ನಡಿಗೆ ಶುರು ಅನ್ನುವಾಗ ಒಬ್ಬ ಕುರಿಗಾಹಿ ಹೆಗಲ ಮೇಲೆ ನಮ್ಮ ಗೊಂಬೆಗಳನ್ನೆಲ್ಲ ಹೇರಿಕೊಂಡು ಬಂದ. ‘ಯಜಮಾನ್ರೆ, ನಿಮ್ಮವು ಅಲ್ಲಲ್ಲೇ ಬಿದ್ದಿದ್ವು. ತಂದೀನಿ ನೋಡ್ರಿ’ ಅಂದ. ಇಡೀ ದಿನದ ಕೆಲಸ ಹೋಯ್ತು. ಆದರೆ ಆ ಮನುಷ್ಯ ಆಮೇಲೆ ನಮಗೆ ಎಷ್ಟು ಉಪಯೋಗಕ್ಕೆ ಬಂದ ಅಂತ ಮುಂದೆ ಹೇಳುತ್ತೇನೆ.

ಕೊನೆಗೆ ಹೊಸದುರ್ಗದ ಕಡೆಯಿಂದ ತೆಂಗಿನ ನಾರು ತರಿಸಿದೆವು. ದನ ಮುಟ್ಟಲ್ಲ, ಗಾಳಿಗೆ ಹಾರಲ್ಲ, ಮಳೆ ಬಂದರೂ ಒಣಗುತ್ತೆ. ಬಟ್ಟೆ, ಹೊಲಿಗೆ, ನಾರು ಸೇರಿ ಒಂದಕ್ಕೆ 200 ರೂಪಾಯಿ ಆಸುಪಾಸು ಬಿತ್ತು. ಹಾಳಾದವೂ ಸೇರಿ ಗೊಂಬೆಗೇ ಹತ್ತು ಸಾವಿರ ದಾಟಿತು. ಓಡಾಟ, ಊಟ, ಕಾಯುವವರ ಕೂಲಿ ಎಲ್ಲ ಸೇರಿ ಒಟ್ಟು 40 ಸಾವಿರದ ಒಳಗೆ ಮುಗಿದಿರಬೇಕು. ಅರ್ಧ ನನ್ನ ಪೆನ್ಷನ್, ಅರ್ಧ ಗೆಳೆಯರದ್ದು. ಪ್ರಾಜೆಕ್ಟ್ ಅನುದಾನಕ್ಕೆ ಅರ್ಜಿ ಹಾಕಿದ್ದೆವು. ‘ಫೀಲ್ಡ್ ವರ್ಕ್ ನಿಮ್ಮ ವಿಭಾಗಕ್ಕೆ ಬರಲ್ಲ’ ಅಂತ ವಾಪಸ್ ಬಂತು. ಓ.ಆರ್. ಹುಟ್ಟಿದ್ದೇ ಫೀಲ್ಡಲ್ಲಿ! ಎರಡನೇ ಮಹಾಯುದ್ಧದಲ್ಲಿ ಇದಕ್ಕೆ ಬುನಾದಿ ಹಾಕಿದ ಬ್ರಿಟಿಷ್ ಭೌತವಿಜ್ಞಾನಿ ಬ್ಲ್ಯಾಕೆಟ್ ಅವರ ತಂಡದವರು ವಿಮಾನ ನಿರೋಧಕ ಫಿರಂಗಿಗಳ ಪಕ್ಕ ಹೋಗಿ ನಿಂತು ಕೆಲಸ ಮಾಡಿದವರು. ಅದೇ ಬ್ಲ್ಯಾಕೆಟ್ 1948ರಲ್ಲಿ ನಮ್ಮ ಸರ್ಕಾರಕ್ಕೇ ರಕ್ಷಣೆ ಮತ್ತು ವಿಜ್ಞಾನದ ಬಗ್ಗೆ ವರದಿ ಬರೆದುಕೊಟ್ಟರು. ಇದನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಹೇಳಿಕೊಡಲ್ಲ ಅನ್ನೋದು ನನಗೆ ನಿಜವಾಗಿ ಬೇಸರದ ವಿಷಯ.

ಈಗ ಅಳತೆಗೆ ಬರೋಣ. ಎರಡು ಕಿಲೋಮೀಟರಿನಷ್ಟು ಉದ್ದದ ಅಂಕುಡೊಂಕು ದಾರಿಗೆ ಸುಣ್ಣದ ಗುರುತು ಹಾಕಿದೆವು. ದಾರಿಯ ಎರಡೂ ಕಡೆ, 0ಯಿಂದ 50 ಮೀಟರ್ ಒಳಗೆ, ಚೀಟಿ ಎತ್ತಿ ಬಂದ ದೂರದಲ್ಲಿ ಗೊಂಬೆ ಇಟ್ಟೆವು. ಹುಡುಕುವವರು ಒಬ್ಬೊಬ್ಬರೇ ನಡೆಯುತ್ತಾರೆ. ಹಿಂದೆ ಒಬ್ಬ ಹುಡುಗ ಪ್ಯಾಡ್ ಹಿಡಿದು ಬರುತ್ತಾನೆ. ಕಂಡಾಗ ನಿಂತು, ‘ಎರಡು ಗಂಟೆ ದಿಕ್ಕು, ಇಪ್ಪತ್ತು ಮೀಟರ್’ ಅಂತ ಕೂಗಬೇಕು. ಬರೆಯುವ ಹುಡುಗನಿಗೆ ಗೊಂಬೆ ಎಲ್ಲಿವೆ ಅಂತ ಗೊತ್ತಿರಬಾರದು. ಗೊತ್ತಿದ್ದರೆ ಗೊಂಬೆ ಹತ್ತಿರ ಬಂದಾಗ ಅವನ ಹೆಜ್ಜೆ ತನ್ನಷ್ಟಕ್ಕೆ ನಿಧಾನ ಆಗುತ್ತೆ, ಮುಂದಿನವನಿಗೆ ಸುಳಿವು ಸಿಗುತ್ತೆ. ಸಂಜೆ ನಾನು ಗೊಂಬೆ ಇಟ್ಟ ಪಟ್ಟಿ, ಕಂಡ ಪಟ್ಟಿ ಎರಡನ್ನೂ ಹೊಂದಿಸುತ್ತಿದ್ದೆ.

ಲೆಕ್ಕಕ್ಕೆ ಕರ್ವ್ ಫಿಟ್ಟಿಂಗ್ ಕೂಡ ಬೇಡ. ಎಲ್ಲ ಗೊಂಬೆಗಳನ್ನೂ ದಾರಿಯಿಂದ ಇರುವ ದೂರದ ಪ್ರಕಾರ ಜೋಡಿಸಿ. ಹತ್ತಿರದಿಂದ ದೂರಕ್ಕೆ, ತಪ್ಪಿಹೋದವನ್ನು ಕೂಡುತ್ತಾ ಹೋಗಿ. ದೂರದಿಂದ ಹತ್ತಿರಕ್ಕೆ, ಕಂಡವನ್ನು ಕೂಡುತ್ತಾ ಬನ್ನಿ. ಎರಡೂ ಮೊತ್ತ ಸಮ ಆಗುವ ದೂರವೇ ಅರ್ಧ ಸ್ವೀಪ್ ವಿಡ್ತ್. ಆ ಗೆರೆಯ ಒಳಗೆ ತಪ್ಪಿದಷ್ಟೇ ಹೊರಗೆ ಕಂಡಿರುತ್ತವೆ, ಅಷ್ಟೇ ವಿಷಯ. ಎಕ್ಸೆಲ್ಲಿನಲ್ಲಿ ಹತ್ತು ನಿಮಿಷದ ಕೆಲಸ. ಹಸಿರು ಗೊಂಬೆಗೆ ನಮಗೆ ಬಂದದ್ದು 14 ಮೀಟರ್, ಅಂದರೆ ಸ್ವೀಪ್ ವಿಡ್ತ್ 28. ನಾನು ಬರೀ ಅಂದಾಜಲ್ಲಿ ಹೇಳಿದ್ದರೆ 50 ಅಂತಿದ್ದೆ, ಸುಬೇದಾರರು 60 ಅಂದಿದ್ದರು.

ಮಧ್ಯೆ ಬೇರೆ ಪ್ರಯೋಗವನ್ನೂ ಮಾಡಿದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ವಾಯುಪಡೆಯ ಕೋಸ್ಟಲ್ ಕಮಾಂಡ್ ಜಲಾಂತರ್ಗಾಮಿ ಹುಡುಕುವ ಕಪ್ಪು ವಿಮಾನಗಳಿಗೆ ಬಿಳಿ ಬಣ್ಣ ಬಳಿಯಿತು. ಶತ್ರುವಿಗೆ ವಿಮಾನ ಕಾಣುವ ದೂರ ಸುಮಾರು ಶೇ. 20 ಇಳಿಯಿತು. ಅದನ್ನೇ ತಿರುಗಿಸಿ, ಕಾಣಬೇಕಾದವನಿಗೆ ಯಾವ ಬಣ್ಣ ಒಳ್ಳೆಯದು ಅಂತ ನೋಡಿದೆವು. ಕಿತ್ತಳೆ ಅಂಗಿಗೆ ಸ್ವೀಪ್ ವಿಡ್ತ್ 70ರ ಹತ್ತಿರ ಹೋಯ್ತು. ಕೆಂಪು ಇನ್ನೂ ಮೇಲು ಅಂದುಕೊಂಡಿದ್ದೆವು. ಆದರೆ ನಮ್ಮ ಕೆಮ್ಮಣ್ಣಿನಲ್ಲಿ, ಅದರಲ್ಲೂ ಸಂಜೆ ಬಿಸಿಲಿಗೆ, ಅದು ಹಸಿರಿಗಿಂತ ಸ್ವಲ್ಪವೇ ಜಾಸ್ತಿ. ಎನ್‌ಸಿಸಿ ಹುಡುಗಿಯರ ಒಂದು ತಂಡ ಬಂದಿತ್ತು. ನಿವೃತ್ತ ಸೈನಿಕರ ಅರ್ಧ ವೇಗದಲ್ಲಿ ನಡೆದರು. ಅವರ ಸ್ವೀಪ್ ವಿಡ್ತ್ ಜಾಸ್ತಿ ಬಂತು. ಆದರೆ ಗಂಟೆಗೆ ಎಷ್ಟು ಎಕರೆ ಅಂತ ನೋಡಿದರೆ ಇಬ್ಬರದ್ದೂ ಸರಿಸುಮಾರು ಒಂದೇ. ಊಟ ಆದ ಮೇಲೆ ಎಲ್ಲರ ಅಂಕಿಯೂ ಬೀಳುತ್ತೆ, ಇದನ್ನು ಬೇರೆಯಾಗಿ ಬರೆದಿಡಿ.

ಎಲ್ಲರಿಗಿಂತ ಮೇಲೆ ಬಂದವನು ಆ ಕುರಿಗಾಹಿ. ಅವನ ಸ್ವೀಪ್ ವಿಡ್ತ್ ನಮ್ಮ ಹುಡುಗರ ಎರಡರಷ್ಟು. ಅವನು ಗಿಡವನ್ನೇ ದಿಟ್ಟಿಸುತ್ತಿರಲಿಲ್ಲ. ಪ್ರತಿ ಗುಂಡು ದಾಟಿದ ಮೇಲೆ ತಿರುಗಿ ಹಿಂದೆ ನೋಡುತ್ತಿದ್ದ. ಬಂಡೆಯ ಮರೆಯಲ್ಲಿ ಇದ್ದದ್ದು ಆಗ ಕಾಣುತ್ತಿತ್ತು. ನಾವು ಇದನ್ನು ನೋಡಿ ಎಲ್ಲರಿಗೂ ಕಲಿಸಿದೆವು. ಹಿಂದೆ ನೋಡೋದನ್ನು ಕಲಿತವರ ಡೇಟಾ ಈಗ ಬೇರೆ ಹಾಳೆಯಲ್ಲಿದೆ. ಎಷ್ಟು ಹೆಜ್ಜೆಗೊಮ್ಮೆ ತಿರುಗಬೇಕು ಅನ್ನುವ ನಿಯಮವನ್ನೂ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಬಂದವರಿಗೆ ಹೊಲದಲ್ಲೇ ತೋರಿಸುತ್ತೇನೆ.

ಇನ್ನು ಪರೀಕ್ಷೆಯ ದಿನ. 400 ಮೀಟರ್ ಅಗಲ, 500 ಮೀಟರ್ ಉದ್ದ. ಹಸಿರು ಗೊಂಬೆ 30, ಯಾರಿಗೂ ಜಾಗ ಗೊತ್ತಿಲ್ಲ. ಏಳು ಜನ, 28 ಮೀಟರ್ ಅಂತರ, ಹೋಗುವಾಗ ಅರ್ಧ ಹೊಲ, ಬರುವಾಗ ಇನ್ನರ್ಧ. ಒಟ್ಟು ನಡಿಗೆ 7 ಕಿಲೋಮೀಟರ್, ಕವರೇಜ್ ಹೆಚ್ಚುಕಡಿಮೆ 1. ಸುಬೇದಾರರು, ‘ಎಲ್ಲಾ ಸಿಗ್ತಾವೆ, ಒಂದೋ ಎರಡೋ ಬಿಟ್ಟರೆ ಹೆಚ್ಚು’ ಅಂತ ಬರೆದರು. ಬೆಂಗಳೂರಿನ ಹಿರಿಯರು ಕೂಪ್‌ಮನ್ ಅವರದ್ದೇ ಇನ್ವರ್ಸ್ ಕ್ಯೂಬ್ ಅನ್ನುವ ಸೂತ್ರ ಹಿಡಿದು ಶೇ. 79, ಅಂದರೆ 24 ಅಂತ ಬರೆದರು. ಲೈನು ಸಮಾನಾಂತರ ಇದ್ದಾಗ ಅದೇ ಸರಿ ಅನ್ನೋದು ಅವರ ಮಾತು. ನಾನು ಅಡ್ಡಾದಿಡ್ಡಿ ಹುಡುಕಾಟಕ್ಕೆ ಹೊಂದುವ ಎಕ್ಸ್‌ಪೊನೆನ್ಷಿಯಲ್ ಸೂತ್ರಕ್ಕೇ ಅಂಟಿಕೊಂಡೆ. ಶೇ. 63, ಅಂದರೆ 19. ಬಂಡೆ ಸುತ್ತಿಕೊಂಡು ಹೋಗುವಾಗ ಯಾರ ಲೈನೂ ನೇರ ಉಳಿಯಲ್ಲ, ಅಂತರ ಕಲಸಿಹೋಗುತ್ತೆ. ಜಿಪಿಎಸ್ ಟ್ರ್ಯಾಕ್ ನೋಡಿದರೆ ಅದು ಎದ್ದು ಕಾಣುತ್ತೆ.

ಸಿಕ್ಕಿದ್ದು 18. ಒಂದು ಗೊಂಬೆ ನಡೆದವರ ದಾರಿಯಿಂದ ಮೂರು ಮೀಟರಿನಲ್ಲಿ, ಜಾಲಿ ಬುಡದಲ್ಲಿ ಇತ್ತು, ಅದೂ ತಪ್ಪಿತ್ತು. ಸುಬೇದಾರರು ಅಲ್ಲಿಗೆ ಹೋಗಿ ಬಗ್ಗಿ ನೋಡಿ, ‘ನಾನೇ ದಾಟಿದ ಜಾಗ ಸಾರ್’ ಅಂದರು. ಒಂದೇ ಸಲದ ಫಲ ಸಾಕಾಗಲ್ಲ ಅಂತ ಹಿರಿಯರು ಅಂದರು, ಅದು ನ್ಯಾಯ. ಮತ್ತೊಂದು ದಿನ ಅಂತರ ಎರಡರಷ್ಟು ಮಾಡಿ, ಕವರೇಜ್ ಅರ್ಧಕ್ಕೆ ಇಳಿಸಿದೆವು. ಸೂತ್ರ 12 ಅಂತು, ಸಿಕ್ಕಿದ್ದು 13. ಇನ್ನೊಂದು ದಿನ ಅದೇ ಹೊಲವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ನಡೆದೆವು. ಕವರೇಜ್ 2. ಸೂತ್ರ 26 ಅಂತು, ಸಿಕ್ಕಿದ್ದೂ 26. ಅವತ್ತು ಹಿರಿಯರು ಡೇಟಾ ಹಾಳೆಯ ಒಂದು ಪ್ರತಿ ಕೇಳಿ ಪಡೆದು ಬ್ಯಾಗಿಗೆ ಇಟ್ಟುಕೊಂಡರು. ನನಗೆ ಅಷ್ಟು ಸಾಕು.

ಈಗ ನಮ್ಮ ಗುಂಪಿನ ಸಭೆಯ ರೀತಿಯೇ ಬದಲಾಗಿದೆ. ಮುಂಚೆ ಒಬ್ಬರು ಸ್ಲೈಡ್ ಹಾಕಿ ಮಾತಾಡುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಈಗ ಯಾರೇ ಮಾಡೆಲ್ ತಂದರೂ ಸುಬೇದಾರರೇ ಮೊದಲು ಕೈ ಎತ್ತುತ್ತಾರೆ: ‘ಈ ಅಂಕಿ ಎಲ್ಲಿ ಅಳೆದಿರಿ?’

ಮುಂದಿನ ಸುತ್ತು ಮಳೆ ನಿಂತ ಮೇಲೆ. ತಂಗಡಿ ಹಳದಿ ಹೂ ತುಂಬಿ ನಿಂತಾಗ ಕಿತ್ತಳೆ ಅಂಗಿಯ 70 ಹಾಗೇ ಉಳಿಯಲ್ಲ ಅಂತ ನನ್ನ ಅಂದಾಜು. ಅದರ ಜೊತೆಗೆ ಮಲೆನಾಡಿನ ಕಡೆಯವರು ಯಾರಾದರೂ ತಮ್ಮ ಕಾಡಲ್ಲಿ ಇದನ್ನೇ ಅಳೆದರೆ ಹೋಲಿಸಿ ನೋಡಬಹುದು. ಗೊಂಬೆ 30 ಇವೆ, ಒಯ್ಯೋರಿಗೆ ಕೊಡುತ್ತೇವೆ. ನಾರು ಮಾತ್ರ ಒಮ್ಮೆ ಬಿಸಿಲಿಗೆ ಹಾಕಿ, ಮಳೆಗಾಲದಲ್ಲಿ ಚೇಳು ಸೇರಿಕೊಂಡಿರುತ್ತವೆ.