ಮಾವಿನ ಹಣ್ಣುನೊಣಕ್ಕೆ ವಾಸನೆಯ ಬಲೆ: ಮನೆಯಲ್ಲೇ ಮಾಡುವುದು ಹೇಗೆ?

ಹೊರಗೆ ನೋಡಿದರೆ ಚೆಂದದ ಬಾದಾಮಿ ಮಾವು. ಹೆಚ್ಚಿದರೆ ಒಳಗೆಲ್ಲ ಬಿಳಿ ಹುಳ. ಹಣ್ಣುನೊಣದ ಹೆಣ್ಣು ಬಲಿತ ಕಾಯಿಯ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಟ್ಟುಬಿಡುತ್ತದೆ. ಆಮೇಲೆ ಮೇಲಿಂದ ಔಷಧಿ ಹೊಡೆದರೆ ಒಳಗಿನ ಹುಳಕ್ಕೆ ಸರಿಯಾಗಿ ತಾಗುವುದೇ ಇಲ್ಲ. ಹಾಗಾಗಿ ನೊಣವನ್ನೇ ಮೊದಲು ಹಿಡಿಯಬೇಕು.

ಅದಕ್ಕೆ ಬೇಕಾದದ್ದು ಮೀಥೈಲ್ ಯೂಜಿನಾಲ್. ತುಳಸಿಯಲ್ಲೂ ಕೆಲವು ಹೂಗಳಲ್ಲೂ ಇರುವ ವಾಸನೆಯ ಪದಾರ್ಥ ಇದು. ಗಂಡು ನೊಣ ಇದನ್ನು ಆಸೆಪಟ್ಟು ನೆಕ್ಕುತ್ತದೆ. ಮೈಯೊಳಗೆ ಅದನ್ನು ಬೇರೆ ರೂಪಕ್ಕೆ ತಿರುಗಿಸಿ, ಮುಸ್ಸಂಜೆ ಹೊತ್ತಿಗೆ ಹೆಣ್ಣನ್ನು ಕರೆಯುವ ವಾಸನೆಯಾಗಿ ಹೊರಬಿಡುತ್ತದೆ. ನೆಕ್ಕಿದ ಗಂಡಿಗೆ ಹೆಣ್ಣು ಬೇಗ ಒಲಿಯುತ್ತದೆ. ಅದಕ್ಕೇ ಅಷ್ಟು ದೂರದಿಂದ ಹಾರಿ ಬರುವುದು! ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಹೌಲೆಟ್ ಈ ಸೆಳೆತದ ಬಗ್ಗೆ 1915ರಲ್ಲೇ ಬರೆದಿದ್ದರು.

ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಮೇಲ್ಭಾಗದಲ್ಲಿ ಸುತ್ತಲೂ ಕಿರುಬೆರಳು ಹೋಗುವಷ್ಟು ನಾಲ್ಕು ತೂತು ಮಾಡಿ. ಕಾಯಿಸಿದ ಮೊಳೆಯಿಂದ ಶುರು ಮಾಡಿ, ಕತ್ತರಿಯಲ್ಲಿ ಅಗಲಿಸಿದರೆ ಸುಲಭ. ಮೀಥೈಲ್ ಯೂಜಿನಾಲ್ ಹೀರಿಸಿದ ಮರದ ತುಂಡು ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಮುಚ್ಚಳಕ್ಕೆ ತಂತಿ ತೂರಿಸಿ, ಆ ತುಂಡು ತೂತುಗಳ ಮಟ್ಟಕ್ಕೆ ಬರುವಂತೆ ನೇತುಹಾಕಿ. ತಳದಲ್ಲಿ ಎರಡು ಬೆರಳು ನೀರು, ಅದಕ್ಕೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು. ಸೋಪು ಇಲ್ಲದಿದ್ದರೆ ನೊಣ ನೀರಿನ ಮೇಲೆ ಕೂತು ಮತ್ತೆ ಹಾರಬಹುದು. ತುಂಡನ್ನು ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಮಕ್ಕಳಿಂದ ದೂರ ಇಡಿ.

ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಇರುವಾಗಲೇ, ನೆರಳಿರುವ ಕೊಂಬೆಗೆ ಐದಾರು ಅಡಿ ಎತ್ತರದಲ್ಲಿ ಕಟ್ಟಿ. ಎಕರೆಗೆ ನಾಲ್ಕು ಸಾಕು. ವಾರಕ್ಕೊಮ್ಮೆ ಸತ್ತ ನೊಣ ಚೆಲ್ಲಿ ನೀರು ಬದಲಿಸಿ. ಬೀಳುವ ನೊಣ ಕಡಿಮೆಯಾದರೆ ತುಂಡನ್ನೂ ಬದಲಿಸಿ.

ಒಂದು ಮಾತು ಮಾತ್ರ ಮರೆಯಬೇಡಿ. ಈ ಬಲೆಗೆ ಬೀಳುವುದು ಗಂಡು ಮಾತ್ರ. ಉಳಿದ ಒಂದೊಂದು ಗಂಡೂ ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು. ಆಗಲೇ ಕೂಡಿದ ಹೆಣ್ಣು ಪಕ್ಕದ ತೋಟದಿಂದಲೂ ಬರುತ್ತದೆ. ಅಕ್ಕಪಕ್ಕದವರೆಲ್ಲ ಸೇರಿ ಒಂದೇ ಸಲ ಕಟ್ಟಿದರೇ ಇದರ ಪೂರ್ತಿ ಫಲ.

ಜೊತೆಗೆ ಉದುರಿದ ಹಣ್ಣು ಆರಿಸಲೇಬೇಕು. ನನ್ನ ಪ್ರಕಾರ ಅರ್ಧ ಕೆಲಸ ಇದೇ. ಹುಳ ಹಣ್ಣಿನಿಂದ ಹೊರಬಿದ್ದು ಮಣ್ಣಿನಲ್ಲಿ ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತದೆ. ಬಿದ್ದ ಹಣ್ಣನ್ನು ಗೊಬ್ಬರದ ಗುಂಡಿಗೆ ಸುಮ್ನೆ ಎಸೆಯಬೇಡಿ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ, ಇಲ್ಲವೇ ಎರಡಡಿ ಆಳಕ್ಕೆ ಹೂಳಿ.

ಹೀರೆ, ಹಾಗಲದ ಬಳ್ಳಿಗೆ ಕಾಟ ಕೊಡುವ ನೊಣ ಬೇರೆ ಜಾತಿ. ಅದು ಈ ವಾಸನೆಗೆ ಬರುವುದಿಲ್ಲ. ಅದನ್ನು ಸೆಳೆಯುವ ವಾಸನೆಯ ಪದಾರ್ಥವನ್ನು ಅಂಗಡಿಯಲ್ಲಿ ಕ್ಯೂಲ್ಯೂರ್ ಎಂದು ಕೇಳಿ ತನ್ನಿ, ಬಾಟಲಿ ಇದೇ ಆಗುತ್ತದೆ.