ಗ್ರಹ ಜಾಗ ಬದಲಿಸುವುದನ್ನು ಅಂಗಳದಲ್ಲೇ ತೋರಿಸುವುದು ಹೇಗೆ?

ವಿಜ್ಞಾನ ವಸ್ತುಪ್ರದರ್ಶನ ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಒಂದು ಸೌರವ್ಯೂಹ ಇರಲೇಬೇಕು. ತಂತಿ ಬಳೆಗೆ ಥರ್ಮಾಕೋಲ್ ಉಂಡೆ ಅಂಟಿಸಿ, ಬಣ್ಣ ಬಳಿದು ನಿಲ್ಲಿಸುತ್ತಾರೆ. ಗ್ರಹಗಳು ಈಗ ಇರುವ ಕಡೆಯೇ ಹುಟ್ಟಿದವು ಅಂತ ಮಕ್ಕಳೂ ನಂಬಿಬಿಡುತ್ತಾರೆ. ಅಂಟಿಸಿದ್ದನ್ನು ಜರುಗಿಸುವುದು ಹೇಗೆ ಹೇಳಿ? ಅಂಗಡಿಯ ಪ್ಲಾಸ್ಟಿಕ್ ಕಿಟ್ ಅಂತೂ ತರಲೇಬೇಡಿ. ಅದರಲ್ಲಿ ಸೂರ್ಯ, ಗುರು ಹೆಚ್ಚುಕಮ್ಮಿ ಒಂದೇ ಗಾತ್ರ ಇರುತ್ತವೆ.

ಬೇಕಾಗುವುದು ದೊಡ್ಡ ಅಂಗಳ, ರಂಗೋಲಿ ಪುಡಿ, ಹಳೇ ಸೈಕಲ್ ಟ್ಯೂಬ್, ಒಂದು ಸೀಟಿ, ಮೂರು ಮಕ್ಕಳು. ಅಡಿಕೆ ಹರವುವ ಮೊದಲೇ ಮನೆಯವರನ್ನು ಕೇಳಿಕೊಳ್ಳಿ.

ನಡುವೆ ದಪ್ಪ ಕಾಳುಮೆಣಸು ಇಡಿ. ಅದೇ ಸೂರ್ಯ. 2 ಅಡಿಯಲ್ಲಿ ಭೂಮಿಯ ಗೆರೆ, ಹತ್ತೂವರೆ ಅಡಿಯಲ್ಲಿ ಗುರುವಿನ ಗೆರೆ. ಈ ಅಳತೆಯಲ್ಲಿ ಗುರು ಒಂದು ರವೆಕಾಳು. ಐದೂವರೆ ಅಡಿಯ ಹತ್ತಿರ ಒಂದು ಚುಕ್ಕಿಗೆರೆ ಹಾಕಿ. ಅದರಾಚೆ ನೀರು ಮಂಜುಗಡ್ಡೆಯಾಗಿ ಉಳಿಯುತ್ತದೆ. ಗಟ್ಟಿ ಸಾಮಾನು ಜಾಸ್ತಿ ಸಿಗುವುದರಿಂದ ದೈತ್ಯ ಗ್ರಹಗಳು ಬೆಳೆಯಲು ಆ ಕಡೆಯೇ ಅನುಕೂಲ.

ಸುಮಾರು 460 ಕೋಟಿ ವರ್ಷದ ಹಿಂದೆ ಇಲ್ಲೆಲ್ಲ ಗ್ಯಾಸು, ದೂಳು. ದೂಳು ಉಂಡೆಯಾಗುವುದಕ್ಕೆ ಮಂಚದ ಕೆಳಗಿನ ಕಸ ತೋರಿಸಿ, ಸಾಕು. ಉಂಡೆ ಮೀಟರ್ ಗಾತ್ರ ಮುಟ್ಟಿದಾಗ ಮಾತ್ರ ಪೇಚಾಟ. ಗ್ಯಾಸು ಕಲ್ಲಿಗಿಂತ ಒಂಚೂರು ನಿಧಾನ ಸುತ್ತುತ್ತದೆ. ಹಾಗಾಗಿ ಕಲ್ಲಿಗೆ ಸದಾ ಎದುರುಗಾಳಿ, ಆಗುಂಬೆ ಮಳೆಯಲ್ಲಿ ಕೊಡೆ ಹಿಡಿದು ನಡೆದ ಹಾಗೆ. ಕೆಲವು ನೂರು ವರ್ಷದೊಳಗೇ ಸೂರ್ಯನ ಬಾಯಿಗೆ ಬಿದ್ದೀತು. ಸಣ್ಣ ಹರಳುಗಳು ಗುಂಪುಗೂಡಿ, ತಮ್ಮದೇ ಸೆಳೆತಕ್ಕೆ ಒಮ್ಮೆಲೇ ಕುಸಿದು ದೊಡ್ಡದಾಗಿ ಪಾರಾಗುತ್ತವೆ ಎನ್ನುವುದು ಈಗಿನ ಲೆಕ್ಕ.

ಎಲ್ಲರೂ ಎಡವುವುದು ಇನ್ನು ಮುಂದೆ. ಹೀಗೆ ಬೆಳೆದ ಗ್ರಹ ಎಷ್ಟೋ ಸಲ ಹುಟ್ಟಿದ ಜಾಗ ಬಿಟ್ಟು ಸೂರ್ಯನ ಕಡೆ ಜರುಗುತ್ತದೆ. ಅದು ಯಾಕೆ ಒಳಗೆ ಬಂತು ಅಂತ ಕೇಳಿದರೆ "ಸೂರ್ಯ ಎಳೆದ ಸಾರ್" ಅನ್ನುತ್ತಾರೆ. ಸೂರ್ಯ ಮೊದಲಿನಿಂದಲೂ ಎಳೆಯುತ್ತಲೇ ಇದ್ದಾನಲ್ವಾ? ಹೊಸದಾಗಿ ಎಳೆದದ್ದು ಗ್ಯಾಸು. ಅದೂ ಗ್ರಹವೇ ಎಬ್ಬಿಸಿದ ಅಲೆ. ಗ್ರಹದ ಸೆಳೆತಕ್ಕೆ ಗ್ಯಾಸಿನಲ್ಲಿ ಎರಡು ಸುರುಳಿ ಏಳುತ್ತವೆ. ಒಳಗಿನ ಗ್ಯಾಸು ಬೇಗ ಸುತ್ತುವುದರಿಂದ ಒಳಸುರುಳಿ ಗ್ರಹಕ್ಕಿಂತ ಮುಂದೆ ಚಾಚುತ್ತದೆ, ಹೊರಗಿನದು ಹಿಂದೆ ಬೀಳುತ್ತದೆ.

ಮೂರು ಮಕ್ಕಳನ್ನೂ ಹೀಗೇ ನಿಲ್ಲಿಸಿ. ನಡುವಿನವನು ಗ್ರಹ. ಒಳಗಿನವಳು ಎರಡು ಹೆಜ್ಜೆ ಮುಂದೆ, ಹೊರಗಿನವನು ಎರಡು ಹೆಜ್ಜೆ ಹಿಂದೆ. ಗ್ರಹದ ಸೊಂಟದಿಂದ ಇಬ್ಬರ ಕೈಗೂ ಟ್ಯೂಬಿನ ಪಟ್ಟಿ. ಮೂವರೂ ಜೊತೆಗೇ ಸುತ್ತಲಿ, ಓಡುವುದು ಬೇಡ. ಮುಂದಕ್ಕೆ ಎಳೆದರೆ ಗ್ರಹ ಅರ್ಧ ಹೆಜ್ಜೆ ಹೊರಗೆ, ಹಿಂದಕ್ಕೆ ಎಳೆದರೆ ಅರ್ಧ ಹೆಜ್ಜೆ ಒಳಗೆ ಇಡಬೇಕು. ಬಹುಪಾಲು ಸಲ ಹೊರಗಿನ ಎಳೆತದ್ದೇ ಕೈಮೇಲು, ಅದಕ್ಕೇ ಹೊರಗಡೆ ಗಟ್ಟಿಮುಟ್ಟು ಹುಡುಗನನ್ನು ಹಾಕಿ. ನಾನು ಒಮ್ಮೆ ಇಬ್ಬರನ್ನೂ ಸಮ ಬಲದವರನ್ನು ಹಾಕಿ, ಗ್ರಹ ಅಲ್ಲಾಡದೆ ಪೆಚ್ಚಾಗಿದ್ದೆ. ಗುರುವಿನಷ್ಟು ದೊಡ್ಡ ಗ್ರಹ ತನ್ನ ದಾರಿಯ ಗ್ಯಾಸನ್ನು ಗುಡಿಸಿ ಓಣಿ ಮಾಡಿಕೊಳ್ಳುತ್ತದೆ, ಆಮೇಲೆ ನಿಧಾನವಾಗುತ್ತದೆ. ಅದಕ್ಕೆ ಕಾಲು ಹೆಜ್ಜೆ ಸಾಕು.

"ನಿಜವಾಗಿಯೂ ಹೀಗಾಗುತ್ತದಾ?" ಅಂತ ತೀರ್ಪುಗಾರರು ಕೇಳಿಯೇ ಕೇಳುತ್ತಾರೆ. 1995ರಲ್ಲಿ ಮಿಷೆಲ್ ಮೇಯರ್, ಡಿಡಿಯೆ ಕೆಲೋ ಕಂಡುಹಿಡಿದ ಗ್ರಹದ ಮಾತು ಎತ್ತಿ. 51 ಪೆಗಾಸಿ ನಕ್ಷತ್ರವನ್ನು ಅದು ನಾಲ್ಕೇ ದಿನದಲ್ಲಿ ಸುತ್ತುತ್ತದೆ. ನಮ್ಮ ಅಂಗಳದಲ್ಲಾದರೆ ಕಾಳುಮೆಣಸಿನಿಂದ ಒಂದು ಇಂಚು ಚಿಲ್ಲರೆ! ಅಷ್ಟು ಹತ್ತಿರ ಗ್ಯಾಸ್ ದೈತ್ಯ ಬೆಳೆಯುವುದು ಕಷ್ಟ, ಹೊರಗಿನಿಂದಲೇ ಬಂದಿರಬೇಕು ಅಂತ ಹೆಚ್ಚಿನವರ ಅಭಿಪ್ರಾಯ. ಚಿಲಿಯ ಆಲ್ಮಾ ದೂರದರ್ಶಕ 2014ರಲ್ಲಿ ತೆಗೆದ ಎಚ್‌ಎಲ್ ಟೌರಿಯ ಚಿತ್ರವನ್ನೂ ಅಂಟಿಸಿ. ಎಳೆ ನಕ್ಷತ್ರದ ಸುತ್ತ ಬಳೆಬಳೆಯಾದ ದೂಳು ಕಾಣುತ್ತದೆ. ಕಲರ್ ಪ್ರಿಂಟೇ ಹಾಕಿಸಿ, ಜೆರಾಕ್ಸಿನಲ್ಲಿ ಸುಟ್ಟ ದೋಸೆ ಥರ ಬರುತ್ತದೆ.

ನಮ್ಮ ಗುರುವೂ 3 ಅಡಿ ತನಕ ಬಂದು, ಬೆನ್ನಿಗೇ ಬಂದ ಶನಿಯ ಜೊತೆ ಹೊರಗೆ ತಿರುಗಿತು ಎನ್ನುವ ಊಹೆ 2011ರಲ್ಲಿ ಬಂತು. ಮಂಗಳ ಯಾಕೆ ಅಷ್ಟು ಪೀಚು ಎನ್ನುವುದಕ್ಕೆ ಅದೊಂದು ಉತ್ತರ. ಊಹೆ ಅಂತಲೇ ಹೇಳಿಸಿ.

ಗ್ಯಾಸು ಬಾಳುವುದು ಸುಮಾರು 30 ಲಕ್ಷದಿಂದ 1 ಕೋಟಿ ವರ್ಷ. ಅದು ಮುಗಿಯಿತು ಅನ್ನುವುದಕ್ಕೆ ಸೀಟಿ ಊದಿ, ಟ್ಯೂಬ್ ಬಿಡಿಸಿ. ಗ್ರಹ ಇದ್ದ ಕಡೆಯೇ ಸುತ್ತಲಿ. ಬಿಡುವ ಮೊದಲು ಇಬ್ಬರೂ ಹತ್ತಿರ ಬಂದು ಪಟ್ಟಿ ಸಡಿಲ ಮಾಡಲಿ, ಇಲ್ಲದಿದ್ದರೆ ಪೆಟ್ಟು ಗುರುವಿನ ಬೆನ್ನಿಗೇ.