ಶೂರ್ಪನಖಿಯ ಹೀಲ್ಸ್

ನಮ್ಮ ನಾಟಕದಲ್ಲಿ ನನ್ನ ಪಾಲಿಗೆ ಬಂದದ್ದು ಶೂರ್ಪನಖಿ. ನನ್ನ ಎತ್ತರ 5 ಅಡಿ 1 ಇಂಚು, ಲಕ್ಷ್ಮಣನದು 5 ಅಡಿ 9. ರಾಕ್ಷಸಿ ಕತ್ತೆತ್ತಿ ಮಾತಾಡಿದರೆ ಜನ ನಗ್ತಾರೆ! ವೇಷದ ಬಾಡಿಗೆ ಅಂಗಡಿಯಲ್ಲಿ ಕಿರೀಟ, ಗದೆ ಎಲ್ಲ ಇತ್ತು, ಕಾಲಿಗೆ ಮಾತ್ರ ಏನೂ ಇರಲಿಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ಕಣಕಾಲು ಮುಚ್ಚುವ ಕಪ್ಪು ರೆಕ್ಸಿನ್ ಬೂಟು ತಗೊಂಡೆ. ಹೀಲ್ 4.5 ಇಂಚು, ಮುಂದಿನ ಅಟ್ಟೆ 1.5. ಪಾದಕ್ಕೆ ತಾಗುವ ಇಳಿಜಾರು 3 ಇಂಚು ಅಷ್ಟೇ, ಹಾಗಾಗಿ ಎರಡು ಗಂಟೆ ನಿಲ್ಲಬಹುದು. ದಪ್ಪ ಕಾಲುಚೀಲ ಹಾಕಬೇಕಲ್ಲ, ಒಂದು ಸೈಜ್ ದೊಡ್ಡದೇ ಆರಿಸಿದೆ.

ಬೂಟು ರಾಕ್ಷಸಿಯದು ಅನ್ನಿಸಲು ಮೇಲೆಲ್ಲ ಫೋಮಿನ ಚಿಪ್ಪು ಅಂಟಿಸಬೇಕಿತ್ತು, ಅದಕ್ಕೆ ಮೊದಲು ಅಳತೆ ಬೇಕು. ಮೊದಲ ಸಲ ಬರೀ ಬೂಟಿಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆ) ಸುತ್ತಿ, ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗೆರೆ ಎಳೆದು, ಕತ್ತರಿಸಿ ಅಳತೆ ತೆಗೆದೆ, ಅದರಂತೆ ಫೋಮ್ ಕತ್ತರಿಸಿ ಬೂಟಿಗೆ ಅಂಟಿಸಿದೆ. ಹಾಕಿಕೊಂಡು ಎರಡು ಹೆಜ್ಜೆ ಇಟ್ಟಿದ್ದೇ ತಡ, ಕಣಕಾಲಿನ ಮಡಿಕೆಯಲ್ಲಿ ಫೋಮ್ ಪಟ್ ಅಂತ ಎದ್ದು ಬಂತು. ಕಾಲು ಒಳಗಿಲ್ಲದ ಬೂಟು ಬಗ್ಗೋದೇ ಇಲ್ಲ, ಅದು ಆಗ ಹೊಳೀತು. ಎರಡನೇ ಸಲ ಬೂಟು ಹಾಕಿಕೊಂಡೇ ಕೂತೆ, ತಂಗಿ ಟೇಪ್ ಸುತ್ತಿದಳು. ಎಲ್ಲಿ ಸುಕ್ಕು ಬಿತ್ತೋ ಅಲ್ಲಿ ಪೆನ್ನಿನಿಂದ ಗುರುತು ಮಾಡಿದೆವು. ಆ ಜಾಗದಲ್ಲಿ ಒಂದೇ ದೊಡ್ಡ ತುಂಡು ಹಾಕದೆ, ಚಿಪ್ಪುಹಂದಿಯ ಬೆನ್ನಿನ ಹಾಗೆ ಒಂದರ ಮೇಲೊಂದು ಬರುವಂತೆ 2 ಮಿಲಿಮೀಟರ್ ದಪ್ಪದ ಇವಿಎ ಫೋಮಿನ (ರಬ್ಬರಿನಂಥ ಮೆತ್ತನೆ ಹಾಳೆ) ಪಟ್ಟಿಗಳನ್ನು ಇಟ್ಟೆ. ಪ್ರತಿಯೊಂದರ ಮೇಲಂಚಿಗೆ ಮಾತ್ರ ಅಂಟು, ಕೆಳಗಂಚು ಸಡಿಲ. ಜಿಪ್ ಇರುವ ಒಳಬದಿಯನ್ನು ಮುಟ್ಟಲಿಲ್ಲ.

ರೆಕ್ಸಿನ್ನಿನ ಮೇಲೆ ಅಂಟು ನಿಲ್ಲಲು ಮರಳುಕಾಗದದಲ್ಲಿ ಉಜ್ಜಿ ಹೊಳಪು ತೆಗೀಬೇಕು. ನೇಲ್ ಪಾಲಿಶ್ ರಿಮೂವರ್ ಹಾಕಿ ನೋಡಿದೆ, ರೆಕ್ಸಿನ್ನೇ ಕರಗಿ ಬೆರಳಿಗೆ ಬಂತು. ಅಂಟು ಚಪ್ಪಲಿ ರಿಪೇರಿಯವರು ಬಳಸುವ ಸೊಲ್ಯೂಷನ್. ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗೋವರೆಗೆ ಸುಮಾರು 10 ನಿಮಿಷ ಕಾಯಬೇಕು. ಒಮ್ಮೆ ಒತ್ತಿದರೆ ಮತ್ತೆ ಸರಿಸೋಕೆ ಆಗಲ್ಲ. ವಾಸನೆಗೆ ತಲೆ ತಿರುಗುತ್ತೆ, ನಾನು ಟೆರೇಸಿನಲ್ಲೇ ಮಾಡಿದ್ದು.

ಬಣ್ಣ ಬಳಿಯೋ ಮೊದಲು ಹೀಟ್ ಗನ್ (ಬಿಸಿಗಾಳಿ ಊದುವ ಸಾಧನ) ಆಡಿಸಿದರೆ ಫೋಮಿನ ಸಣ್ಣ ರಂಧ್ರ ಮುಚ್ಚಿ ಮೇಲ್ಮೈ ತುಸು ಮಿನುಗುತ್ತೆ. ಆಮೇಲೆ ನೀರು ಬೆರೆಸಿದ ಬಿಳಿ ಫೆವಿಕಾಲ್ ಮೂರು ಕೋಟ್, ಅದರ ಮೇಲೆ ಕಪ್ಪು ಅಕ್ರಿಲಿಕ್, ಕೊನೆಗೆ ಒಣ ಬ್ರಶ್ಶಿನಲ್ಲಿ ಅಂಚಿಗಷ್ಟೇ ತಾಮ್ರದ ಬಣ್ಣ. ಎನಾಮೆಲ್ ಬೇಡವೇ ಬೇಡ. ಮೊದಲ ಜೋಡಿ ಚಿಪ್ಪಿಗೆ ಬಳಿದಿದ್ದೆ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು.

ರಂಗದ ಹಲಗೆ ಮೇಲೆ ಜಾರುತ್ತಿತ್ತು. ಓಣಿಯ ತುದಿಯಲ್ಲಿ ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ರಬ್ಬರ್ ಶೀಟ್ ಹಾಕಿಸಲು ಹೋದೆ. ಆತ ಮೊದಲು ಹೀಲ್ ಹಿಡಿದು ಅಲ್ಲಾಡಿಸಿ, "ಇದು ಸಡಿಲ ಐತೆ ಅಕ್ಕ, ಬೀಳ್ತೀರಾ" ಅಂತ ಒಳಗಿಂದ ಇನ್ನೆರಡು ಮೊಳೆ ಹೊಡೆದ. ರಬ್ಬರ್ ಮುಂದಿನ ಅಟ್ಟೆಗೆ ಮಾತ್ರ ಹಾಕಿಸಿದೆ. ಹೀಲಿನ ಟಕ್ ಟಕ್ ಸದ್ದು ಬೇಕು ಅಂದಿದ್ದರು ನಿರ್ದೇಶಕರು.